ತೊಗರಿ ಚೀಲ ಮನೆಗೆ ಬಂದ ಮೇಲೆ ಇಲಿ ತಡೆಯುವುದು ಹೇಗೆ?

ತೊಗರಿ ರಾಶಿ ಮುಗಿದರೆ ಕಲಬುರಗಿ ಸೀಮೆಯ ಪಡಸಾಲೆಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ದರ ಏರಲಿ ಎಂದು ಚೀಲ ಒಟ್ಟಿ ಕಾಯುವವರಿಗೆ ಮೊದಲ ಕಾಟ ಇಲಿಯದು. ಪಾಷಾಣ ತರಲು ಅಂಗಡಿಗೆ ಓಡುವ ಮುಂಚೆ ಒಂದಿಷ್ಟು ಕೆಲಸವಿದೆ.

ಮೊದಲು ಕಳ್ಳನನ್ನು ಗುರುತಿಸಿ. ನೆಲ ತೋಡಿ ಮಣ್ಣು ಗುಡ್ಡೆ ಹಾಕಿದ್ದರೆ ಅದು ಹೆಗ್ಗಣ. ಉದ್ದ ಮೂತಿ, ಕೆಟ್ಟ ವಾಸನೆ, ಗೋಡೆಗುಂಟ ಕಿಚಕಿಚ ಎನ್ನುತ್ತ ಓಡಿದರೆ ಮೂಗಿಲಿ. ಅದನ್ನು ಬಿಟ್ಟುಬಿಡಿ, ಅದಕ್ಕೆ ಬೇಕಾದದ್ದು ಜಿರಳೆ, ಹುಳು. ಚೀಲದ ಅಂಚಿಗೆ ಜೀರಿಗೆ ಕಾಳಿನಂಥ ಚೂಪು ತುದಿಯ ಹಿಕ್ಕೆ ಬಿದ್ದಿದ್ದರೆ ಮಾತ್ರ ಮನೆ ಇಲಿ. ನಮ್ಮ ದೇಶದಿಂದ ಆಗ್ನೇಯ ಏಷ್ಯಾದವರೆಗೆ ಹಬ್ಬಿರುವ ಇದರ ಉಪಜಾತಿಗೆ ವಿಜ್ಞಾನಿಗಳು ಮಸ್ ಮಸ್ಕ್ಯುಲಸ್ ಕ್ಯಾಸ್ಟೇನಿಯಸ್ ಎನ್ನುತ್ತಾರೆ. ಕಂದು ಮೈ, ಮೈಯಷ್ಟೇ ಉದ್ದದ ಬಾಲ, ತೂಕ ಹೆಚ್ಚೆಂದರೆ 20 ಗ್ರಾಂ ಆಸುಪಾಸು. ಮನುಷ್ಯ ಕಾಳು ಕೂಡಿಡಲು ಕಲಿತಾಗಿನಿಂದ ಅವನ ಬೆನ್ನು ಬಿಡದ ಕುಲ ಇದು. ಬಂಡಿ, ಹಡಗು ಏರಿ ಊರೂರು ಸುತ್ತಿದೆ. ಪ್ರಯೋಗಾಲಯದ ಬಿಳಿ ಇಲಿಗಳಲ್ಲೂ ಇದರ ವಂಶವಾಹಿಯ ಪಾಲು ಸ್ವಲ್ಪ ಇದೆ.

ಗುರುತು ಸಿಕ್ಕ ಮೇಲೆ ಸಂದಿ ಹುಡುಕಿ. ಬೆರಳು ತೂರದ ಸಂದಿಯಲ್ಲೂ ಇದು ತೂರುತ್ತದೆ. ಆರೇಳು ಮಿಲಿಮೀಟರ್ ಸಾಕು. ನಮ್ಮ ಕಡೆ ಶಹಾಬಾದ್ ಫರಸಿ ಹಾಸಿದ ಮನೆಗಳಲ್ಲಿ ಗೋಡೆ ನೆಲ ಕೂಡುವ ಮೂಲೆ, ಬಾಗಿಲ ಕೆಳಗಿನ ಸವೆದ ಜಾಗ, ನಲ್ಲಿ ಪೈಪು ಒಳಬಂದ ತೂತು, ಈ ಮೂರನ್ನು ಟಾರ್ಚ್ ಹಿಡಿದು ನೋಡಿ. ಎಣ್ಣೆ ಸವರಿದಂತೆ ಕಪ್ಪು ಕಲೆ ಇದ್ದರೆ ಅದೇ ಓಡಾಟದ ದಾರಿ. ತೂತಿಗೆ ಕಾಗದದ ಉಂಡೆ ತುರುಕಿ. ಬೆಳಿಗ್ಗೆ ಹೊರಗೆ ಬಿದ್ದಿದ್ದರೆ ತೂತು ಬಳಕೆಯಲ್ಲಿದೆ ಎಂದರ್ಥ. ಪಾತ್ರೆ ತಿಕ್ಕುವ ಸ್ಟೀಲ್ ತಂತಿಯನ್ನು ಒತ್ತಿ ತುಂಬಿ, ಮೇಲೆ ಸಿಮೆಂಟ್ ಮೆತ್ತಿ. ಬಟ್ಟೆ, ಥರ್ಮಾಕೋಲ್ ತುಂಬುವುದು ದಂಡ.

ಚೀಲಗಳನ್ನು ಗೋಡೆಗೆ ಆನಿಸಬೇಡಿ. ಹಲಗೆ ಮೇಲಿಟ್ಟು, ಕಸಬರಿಗೆ ಆಡುವಷ್ಟು ಜಾಗ ಬಿಡಿ. ಅಡುಗೆಮನೆಯ ಒಣ ರೊಟ್ಟಿ, ಶೇಂಗಾ ಡಬ್ಬಿಗೆ ಹೋಗಲಿ. ನೀರು ಮುಚ್ಚಿಟ್ಟರೆ ಇಲಿ ಓಡಿಹೋಗುತ್ತದೆಂಬ ಭರವಸೆ ಬೇಡ. ತಿನ್ನುವ ಕಾಳಿನ ತೇವದಲ್ಲೇ ಅದು ಬಹುಮಟ್ಟಿಗೆ ಬದುಕಬಲ್ಲದು.

ಈಗ ಬೋನು. ಅಂಗಡಿಯವರು ಹೇಳದ ಗುಟ್ಟು ಇಲ್ಲಿದೆ: ಮನೆ ಇಲಿ ಗೂಡಿನಿಂದ ಸಾಮಾನ್ಯವಾಗಿ ಹತ್ತು ಮೀಟರ್ ಒಳಗೇ ಓಡಾಡುತ್ತದೆ. ಪಡಸಾಲೆ ನಡುವೆ ಒಂದು ದೊಡ್ಡ ಬೋನಿಟ್ಟರೆ ಅದು ಅತ್ತ ಸುಳಿಯುವುದೂ ಇಲ್ಲ. ಸಣ್ಣವು ನಾಲ್ಕೈದು ತಂದು, ಗೋಡೆಗುಂಟ ಎರಡು ಮೂರು ಮೀಟರಿಗೊಂದು, ಬಾಯಿ ಗೋಡೆ ಕಡೆಗಿರುವಂತೆ ಇಡಿ. ಆಮಿಷಕ್ಕೆ ನಮ್ಮ ಶೇಂಗಾ ಹಿಂಡಿಗೆ ಒಂದೆರಡು ಹನಿ ಎಣ್ಣೆ ಬೆರೆಸಿ ಅಂಟುವಂತೆ ಮೆತ್ತಿ. ರೊಟ್ಟಿ ತುಂಡು ಎಳೆದುಕೊಂಡು ಹೋಗುತ್ತದೆ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅಂಜಿಕೆ, ಇದಕ್ಕೆ ಕುತೂಹಲ. ಹಾಗಾಗಿ ಎರಡು ಮೂರು ರಾತ್ರಿಯಲ್ಲಿ ಬೀಳದಿದ್ದರೆ ಬೋನನ್ನು ದೂರಬೇಡಿ, ಜಾಗ ಬದಲಿಸಿ. ತಡಮಾಡುವಂತಿಲ್ಲ: 19ರಿಂದ 21 ದಿನ ಗರ್ಭ, ಸೂಲಿಗೆ ಐದಾರು ಮರಿ, ಆ ಮರಿಗಳೇ ಒಂದೂವರೆ ಎರಡು ತಿಂಗಳಲ್ಲಿ ಮರಿ ಹಾಕಲು ತಯಾರು.

ಅಂಟು ಹಲಗೆ ಬೇಡವೇ ಬೇಡ. ಜೀವ ಹೋಗಲು ಗಂಟೆಗಟ್ಟಲೆ ನರಳುತ್ತದೆ, ಹಲ್ಲಿಯೂ ಸಿಕ್ಕಿಬೀಳುತ್ತದೆ. ಪಾಷಾಣ ಇಡಲೇಬೇಕೆಂದರೂ ಕಾಳಿನ ಚೀಲ ಇರುವ ಕೋಣೆಯಲ್ಲಿ ಇಡಬೇಡಿ. ಕಪ್ಪು ಪುಡಿಯ ಸತುವಿನ ಫಾಸ್ಫೈಡ್ ಹೊಟ್ಟೆಯೊಳಗೆ ವಿಷಾನಿಲ ಬಿಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟಿಗೂ ಇಲ್ಲ. ಹುಡುಗರು ಹಲ್ಲುಜ್ಜುವ ಪೇಸ್ಟ್ ಎಂದುಕೊಂಡರೆ ಗತಿಯೇನು?

ಹಿಕ್ಕೆಯನ್ನು ಒಣಗಿದ್ದಂತೆ ಗುಡಿಸಬೇಡಿ. ಸಾಲ್ಮೊನೆಲ್ಲಾದಂಥ ರೋಗಾಣು ಇರಬಹುದು. ಬ್ಲೀಚಿಂಗ್ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕಾಗದದಿಂದ ಒರೆಸಿ ತೆಗೆಯಿರಿ.

ಬೋನು ಖಾಲಿ ಬರತೊಡಗಿದ ಮೇಲೂ ಒಂದು ವಾರ ರಾತ್ರಿ ಗೋಡೆಗುಂಟ ತೆಳ್ಳಗೆ ಜೋಳದ ಹಿಟ್ಟು ಉದುರಿಸಿ. ಬೆಳಿಗ್ಗೆ ಹೆಜ್ಜೆ ಮೂಡಿದ್ದರೆ, ಅದು ಬಂದ ದಿಕ್ಕಿನಲ್ಲಿ ನೀವು ನೋಡದ ತೂತೊಂದು ಉಳಿದಿದೆ.