ಕೇಕಿನ ಮೇಲಿನ ಹೂವು, ಪುಸ್ತಕದಲ್ಲಿನ ಲೆಕ್ಕ

ಚಿಕ್ಕಮಗಳೂರಿನ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಅಲಂಕಾರದ ಕೇಕ್‌ಗಳನ್ನು ಮಾಡಿಕೊಡಲು ಆರಂಭಿಸಿದ ಮೊದಲ ವರ್ಷ, ಪೇಟೆಯ ಬೇಕರಿಯಲ್ಲಿ ಒಂದು ಕೆಜಿಗೆ ಎಷ್ಟಿದೆ ಎಂದು ವಿಚಾರಿಸಿ ಅದಕ್ಕೆ ನೂರು ರೂಪಾಯಿ ಸೇರಿಸಿ ನನ್ನ ದರ ಹೇಳಿಬಿಡುತ್ತಿದ್ದೆ. ಒಂದು ನಾಮಕರಣಕ್ಕೆ ತೊಟ್ಟಿಲು, ಅದರೊಳಗೆ ಮಲಗಿದ ಮಗು, ಸುತ್ತ ನಾಲ್ಕು ಆನೆಗಳಿದ್ದ ಕೇಕ್ ಮಾಡಿ ಕಳಿಸಿದ ಮೇಲೆ ಕುಳಿತು ಲೆಕ್ಕ ಹಾಕಿದಾಗ, ಎರಡು ರಾತ್ರಿಯ ದುಡಿಮೆಗೆ ನನ್ನ ಕೈಯಲ್ಲಿ ಉಳಿದದ್ದು 140 ರೂಪಾಯಿ ಎಂದು ತಿಳಿಯಿತು. ಮರುದಿನವೇ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ.

ಈಗ ನನ್ನ ಲೆಕ್ಕ ಹೀಗಿದೆ. ಒಂದು ಕೆಜಿಯ ಸಾಧಾರಣ ಚಾಕೊಲೇಟ್ ಕ್ರೀಂ ಕೇಕಿಗೆ ಸಾಮಗ್ರಿಗೆ ಸುಮಾರು 330, ಕೇಕಿನಡಿಯ ಬೋರ್ಡು ಮತ್ತು ಡಬ್ಬಿಗೆ 60, ಕರೆಂಟು ಹಾಗೂ ಚಿಲ್ಲರೆ ಖರ್ಚಿಗೆ 40 ರೂಪಾಯಿ ಬೀಳುತ್ತದೆ. ಎರಡು ಗಂಟೆಯ ಕೆಲಸಕ್ಕೆ ಗಂಟೆಗೆ 150ರಂತೆ 300 ಸೇರಿಸಿದರೆ 730 ಆಗುತ್ತದೆ. ನಾನು ಹೇಳುವುದು 850. ನಡುವಿನ 120 ರೂಪಾಯಿ ಲಾಭವೆಂದು ಗ್ರಾಹಕರು ತಿಳಿಯುತ್ತಾರೆ, ಆದರೆ ಒಡೆದುಹೋದ ಸ್ಪಂಜು, ಕರಗಿದ ಕ್ರೀಂ, ಕೊನೆಯ ಗಳಿಗೆಯಲ್ಲಿ ರದ್ದಾದ ಆರ್ಡರ್ ಎಲ್ಲವನ್ನೂ ಹೊರಬೇಕಾದದ್ದು ಆ ಹಣವೇ. ಫಾಂಡಂಟ್ ಎಂಬ ಸಕ್ಕರೆಯ ಹಿಟ್ಟಿನಿಂದ ಮಾಡುವ ಗೊಂಬೆಗಳಿಗೆ ಮಾತ್ರ ತೂಕದ ಲೆಕ್ಕ ಹಿಡಿಯುವುದಿಲ್ಲ. ಅಂಗೈಯಗಲದ ಒಂದು ಆನೆಗೆ ಮುಕ್ಕಾಲು ಗಂಟೆ ಬೇಕಾಗುವುದರಿಂದ, ಗೊಂಬೆಯೊಂದಕ್ಕೆ ಇಷ್ಟು ಎಂದು ಪ್ರತ್ಯೇಕವಾಗಿ ಬರೆದು, ಅರ್ಧ ಹಣವನ್ನು ಮುಂಗಡವಾಗಿ ಪಡೆಯುತ್ತೇನೆ.

ಮಳೆಗಾಲದಲ್ಲಿ ಈ ಗೊಂಬೆಗಳ ಪಾಡು ಬೇರೆಯೇ. ಸಕ್ಕರೆಯ ಹಿಟ್ಟಾದ ಫಾಂಡಂಟ್ ಗಾಳಿಯ ತೇವವನ್ನು ಹೀರುತ್ತದೆ. ಆಷಾಢದ ಜಡಿಮಳೆಯಲ್ಲಿ ಮೂರು ದಿನ ಇಟ್ಟರೂ ಆನೆಯ ಕಿವಿ ಒಣಗದೆ, ಬೆಳಗಾಗುವಷ್ಟರಲ್ಲಿ ಭುಜದ ಮೇಲೆ ಜೋತುಬಿದ್ದಿರುತ್ತದೆ. ಫ್ರಿಜ್‌ನಿಂದ ಹೊರತೆಗೆದ ಕೂಡಲೇ ಮೈಯೆಲ್ಲ ಬೆವರಿ ಬಣ್ಣ ಇಳಿಯುವುದೂ ಉಂಟು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಗೊಂಬೆಗಳ ಆರ್ಡರ್ ಒಪ್ಪಿಕೊಳ್ಳುವುದನ್ನೇ ನಿಲ್ಲಿಸಿದ್ದೇನೆ.

2024ರ ಅಕ್ಟೋಬರ್‌ನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಕೃತಕ ಬಣ್ಣಗಳಿಂದಾಗಿ ಅಸುರಕ್ಷಿತವೆಂದು ಸುದ್ದಿಯಾದಾಗ, ಕೆಂಪು ಬಣ್ಣದ ರೆಡ್ ವೆಲ್ವೆಟ್ ಕೇಕ್ ಹೇಳಿದ್ದವರೆಲ್ಲ ಫೋನ್ ಮಾಡಿ ವಿಚಾರಿಸಿದರು. ಅಲ್ಲಿ ಹೆಸರಿಸಿದ್ದ ಟಾರ್ಟ್ರಾಜಿನ್, ಕಾರ್ಮೊಯ್ಸಿನ್ ನಮ್ಮಲ್ಲಿ ನಿಷೇಧಿತ ಬಣ್ಣಗಳಲ್ಲ. ಮಿತಿ ಮೀರಿ ಸುರಿದಾಗಲೇ ತೊಂದರೆ. ಬಿಳಿ ಕ್ರೀಂ ಅನ್ನು ಕಡುಗೆಂಪು ಅಥವಾ ಕಪ್ಪು ಮಾಡಹೊರಟರೆ ಕೈ ತಾನಾಗಿಯೇ ಮಿತಿ ಮೀರುತ್ತದೆ. ಆದ್ದರಿಂದ ಕಪ್ಪಿಗೆ ಕೋಕೋ ಹೆಚ್ಚಿರುವ ಚಾಕೊಲೇಟಿಗೆ ಕ್ರೀಂ ಬೆರೆಸಿದ ಗನಾಶ್‌ನಿಂದಲೇ ಆರಂಭಿಸುತ್ತೇನೆ. ಕೆಂಪು ಬೇಕೆಂದವರಿಗೆ ಇಡೀ ಕೇಕಿನ ಬದಲು ಅಂಚಿಗಷ್ಟೇ ಕೆಂಪು ಕೊಡುತ್ತೇನೆ.

ಬಂಗಾರದ ಬಣ್ಣದ ಹೊಳಪಿನ ಪುಡಿಯ ವಿಷಯದಲ್ಲಿ ತಪ್ಪು ನನ್ನದೇ. ಅಂಗಡಿಯವರು "ಎಲ್ಲರೂ ಇದನ್ನೇ ಒಯ್ಯುತ್ತಾರೆ ಅಕ್ಕ" ಎಂದದ್ದನ್ನು ನಂಬಿ, ಡಬ್ಬಿಯ ಮೇಲೆ 'ನಾನ್ ಟಾಕ್ಸಿಕ್' (ವಿಷಕಾರಿಯಲ್ಲ) ಎಂದಿದ್ದುದನ್ನು ತಿನ್ನಬಹುದು ಎಂದೇ ಓದಿಕೊಂಡು ಎರಡು ಕೇಕ್‌ಗಳಿಗೆ ಬಳಿದಿದ್ದೆ. ಅಮೆರಿಕದ ರೋಡ್ ಐಲ್ಯಾಂಡ್‌ನಲ್ಲಿ 2018ರಲ್ಲಿ ಇಂಥದೇ ಹೊಳಪಿನ ಪುಡಿ ಬಳಿದ ಹುಟ್ಟುಹಬ್ಬದ ಕೇಕ್ ತಿಂದು ಆರು ಮಕ್ಕಳು ವಾಂತಿಭೇದಿಯಿಂದ ನರಳಿದರೆಂದೂ, ಆ ಪುಡಿಯಲ್ಲಿ ತಾಮ್ರವಿತ್ತೆಂದೂ ಆಮೇಲೆ ಓದಿದೆ. ಈಗ ಪದಾರ್ಥಗಳ ಪಟ್ಟಿ ಮತ್ತು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ಇವೆರಡರಲ್ಲಿ ಒಂದಿಲ್ಲದಿದ್ದರೂ ಅಂಥ ಡಬ್ಬಿಯನ್ನು ಮನೆಯೊಳಗೇ ತರುವುದಿಲ್ಲ. ಗೊಂಬೆಯ ಕತ್ತು ನಿಲ್ಲಿಸಲು ಹಲ್ಲುಕಡ್ಡಿ, ತಂತಿಗಳ ಬದಲು ಶಾವಿಗೆಯಂಥ, ಬೇಯಿಸದ ಒಣ ಸ್ಪಗೆಟ್ಟಿ ಎಳೆಗಳನ್ನು ಚುಚ್ಚುತ್ತೇನೆ. ಎರಡು ಅಂತಸ್ತಿನ ಕೇಕಾದರೆ ಮೇಲಿನ ಅಂತಸ್ತಿನ ಆಸರೆಗೆ ಕಡ್ಡಿ ಬೇಕೇ ಬೇಕು, ಆಗ ಡಬ್ಬಿಯ ಮುಚ್ಚಳದ ಮೇಲೆ "ಒಳಗೆ 5 ಕಡ್ಡಿ ಇವೆ, ಎಣಿಸಿ ತೆಗೆಯಿರಿ" ಎಂದು ದಪ್ಪ ಅಕ್ಷರದಲ್ಲಿ ಬರೆದು ಕಳಿಸುತ್ತೇನೆ.

ಹೂವಿನ ವಿಷಯದಲ್ಲಿ ಮಾತ್ರ ಗ್ರಾಹಕರನ್ನು ಒಪ್ಪಿಸುವುದು ಕಷ್ಟ. ಆಲ್ದೂರು ಕಡೆಯ ತೋಟದ ಮನೆಯ ಹಿರಿಯರೊಬ್ಬರು ತಮ್ಮ ಐವತ್ತನೇ ಮದುವೆ ವಾರ್ಷಿಕೋತ್ಸವದ ಕೇಕಿಗೆ ತಾವೇ ಬೆಳೆಸಿದ ಆಂಥೂರಿಯಂ ಹೂಗಳನ್ನು ಚುಚ್ಚಬೇಕೆಂದು ಬುಟ್ಟಿ ತುಂಬ ತಂದಿದ್ದರು. "ಔಷಧಿ ಒಂದು ಹನಿ ಹೊಡೆದಿಲ್ಲ ಕಣಮ್ಮ" ಎಂದರು. ಔಷಧಿಯ ಮಾತಲ್ಲ, ಹೂವಿನೊಳಗೇ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ ಎಂದು ನಾನು ವಿವರಿಸತೊಡಗಿದಾಗ ಅವರ ಮುಖದಲ್ಲಿ ನಂಬಿಕೆ ಕಾಣಲಿಲ್ಲ. "ಅಮ್ಮ, ಇದು ಕೆಸುವಿನ ಜಾತಿಯದೇ ಗಿಡ" ಎಂದೆ. ಅವರ ಕೈ ತಟ್ಟನೆ ಗಂಟಲಿಗೆ ಹೋಯಿತು. ಕೆಸುವಿನೆಲೆಯ ಪತ್ರೊಡೆಗೆ ಹುಣಸೆಹುಳಿ ಕಡಿಮೆಯಾದರೆ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ.

ಕೊನೆಗೆ ಫಾಂಡಂಟ್‌ನಲ್ಲೇ ಮೂರು ಬಿಳಿ ಆಂಥೂರಿಯಂ ಮಾಡುವುದೆಂದಾಯಿತು. ಹಾಳೆಯಷ್ಟು ತೆಳುವಾಗಿ ಲಟ್ಟಿಸಿ ಹೃದಯದಾಕಾರಕ್ಕೆ ಕತ್ತರಿಸಿದ ದಳಗಳನ್ನು ಚಮಚದ ಬೆನ್ನಿನ ಮೇಲೆ ಒಣಗಿಸಿ, ನಡುವಿನ ದಿಂಡನ್ನು ಹಳದಿ ಫಾಂಡಂಟ್‌ನಿಂದ ಹೊಸೆದು ದಪ್ಪ ಸಕ್ಕರೆಯಲ್ಲಿ ಹೊರಳಿಸಿದಾಗ ನಿಜವಾದ ಹೂವಿನ ತರಿತರಿಯೇ ಬಂತು. ಹೂವೊಂದಕ್ಕೆ 150ರಂತೆ 450 ರೂಪಾಯಿಯನ್ನು ಅವರು ಚೌಕಾಸಿಯಿಲ್ಲದೆ ಕೊಟ್ಟರಾದರೂ, ಡಬ್ಬಿಯ 60 ರೂಪಾಯಿಯ ಬಗ್ಗೆ ಕಾಲು ಗಂಟೆ ವಾದಿಸಿದರು. ಸಮಾರಂಭದ ದಿನ ಅವರು ಕಳಿಸಿದ ಫೋಟೋದಲ್ಲಿ ಬುಟ್ಟಿಯ ಹೂಗಳೆಲ್ಲ ಕೇಕಿನಿಂದ ಎರಡಡಿ ದೂರದ ಹಿತ್ತಾಳೆಯ ಚೊಂಬಿನಲ್ಲಿದ್ದವು.