ಜೇನುತುಪ್ಪದ ಅಲರ್ಜಿ: ನಾನು ಪತ್ತೆ ಹಚ್ಚಿದ ಬಗೆ

ಜೇನುತುಪ್ಪ ನನಗೆ ಆಗುವುದಿಲ್ಲ ಎಂದರೆ ಜನ ಮೊದಲು ನಗುತ್ತಾರೆ. ಆಮೇಲೆ, "ಕಲಬೆರಕೆ ಜೇನು ತಿಂದಿರ್ತೀರಿ, ಶುದ್ಧ ಜೇನು ತಿಂದು ನೋಡಿ" ಎನ್ನುತ್ತಾರೆ. ನನ್ನ ವಿಷಯದಲ್ಲಿ ಆದದ್ದು ಪೂರಾ ಉಲ್ಟಾ. ಅಂಗಡಿಯ ಬ್ರ್ಯಾಂಡ್ ಜೇನಿನಿಂದ ಏನೂ ಆಗುತ್ತಿರಲಿಲ್ಲ. ಹೊಲದ ಪಕ್ಕದಲ್ಲೇ ತೆಗೆದುಕೊಟ್ಟ, ಸರಿಯಾಗಿ ಸೋಸದ, ಅಪ್ಪಟ ಜೇನು ತಿಂದರೆ ಮಾತ್ರ ಬಾಯಿ ತುರಿಸುತ್ತಿತ್ತು. ಈ ಒಂದು ವ್ಯತ್ಯಾಸ ಗಮನಕ್ಕೆ ಬಂದದ್ದರಿಂದಲೇ ಕಾಯಿಲೆಯ ಬುಡ ಸಿಕ್ಕಿದ್ದು.

ನಮ್ಮ ತವರು ಶಿರಸಿ ಕಡೆ. ಅಪ್ಪ ಈಗಲೂ ತೋಟದ ಅಂಚಿನಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದಾರೆ. ದೋಸೆಗೆ ತುಪ್ಪ, ಜೇನುತುಪ್ಪ ಹಾಕಿಕೊಂಡೇ ಬೆಳೆದವಳು ನಾನು. ಒಂದು ದಿನವೂ ತೊಂದರೆ ಆಗಿರಲಿಲ್ಲ. ಮದುವೆಯಾಗಿ ಧಾರವಾಡಕ್ಕೆ ಬಂದು ಕೆಲವು ವರ್ಷ ಕಳೆದ ಮೇಲೆ, ಮಳೆಗಾಲ ಮುಗಿಯುವ ಹೊತ್ತಿಗೆ ಸೀನು, ಮೂಗು ಕಟ್ಟುವುದು, ಕಣ್ಣು ತುರಿಕೆ ಶುರುವಾಯಿತು. ಖಾಲಿ ಸೈಟುಗಳಲ್ಲೆಲ್ಲ ಕಾಂಗ್ರೆಸ್ ಕಸ ಸೊಂಟದೆತ್ತರ ಬೆಳೆದು ಬಿಳಿ ಹೂ ಬಿಡುವ ಕಾಲ ಅದು. ಆ ಹೊತ್ತಿಗೆ ನಮ್ಮ ಓಣಿಯಲ್ಲಿ ಬಹಳ ಜನ ಸೀನುತ್ತಿರುತ್ತಾರೆ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದಕ್ಕೂ ಜೇನಿಗೂ ಸಂಬಂಧ ಇರಬಹುದು ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ಪರಿಚಯದವರೊಬ್ಬರು ಕೊಪ್ಪಳ ಕಡೆಯಿಂದ ಒಂದು ಬಾಟಲಿ ಜೇನು ತಂದುಕೊಟ್ಟರು. ಸೂರ್ಯಕಾಂತಿ ಹೊಲದಲ್ಲಿ ಇಟ್ಟ ಪೆಟ್ಟಿಗೆಯದ್ದು. ಹಳದಿ ಬಣ್ಣ, ದಪ್ಪ. ಸೂರ್ಯಕಾಂತಿಯ ಜೇನು ಬೇಗ ಹರಳುಗಟ್ಟುತ್ತದೆ, ಅದೂ ಗಟ್ಟಿಯಾಗತೊಡಗಿತ್ತು. ಚಮಚದಲ್ಲಿ ತಿಂದಾಗಲೆಲ್ಲ ಅಂಗುಳು ತುರಿಸುತ್ತಿತ್ತು. ಕಿವಿಯ ಒಳಗೂ ಒಂಥರಾ ತುರಿಕೆ, ಬೆರಳು ಹಾಕಿದರೂ ಸಿಗದ ಜಾಗದಲ್ಲಿ. ಅರ್ಧ ಗಂಟೆಯಲ್ಲಿ ತಾನೇ ಹೋಗುತ್ತಿತ್ತು. ಜೇನು ಉಷ್ಣ, ಅದಕ್ಕೇ ಹೀಗೆ ಎಂದು ಅತ್ತೆಯವರ ಅಭಿಪ್ರಾಯ.

ಆಮೇಲೆ ಒಂದು ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ, ಅದೇ ಜೇನು ಹಾಕಿ ಕುಡಿದು ವಾಕಿಂಗ್ ಹೊರಟೆ. ಏರು ರಸ್ತೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಂಗೈ ತುರಿಸಿತು. ಹೊಟ್ಟೆ, ತೊಡೆಯ ಮೇಲೆಲ್ಲ ಗಂಧೆ ಎದ್ದವು. ಮೇಲ್ದುಟಿ ಊದಿತು. ಎದೆಯಲ್ಲಿ ಸುಂಯ್ ಸುಂಯ್ ಸದ್ದು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಜೊತೆಗಿದ್ದವರು ಆಟೋ ಹಿಡಿದು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಉಸಿರು ಸಲೀಸಾಯಿತು. ಆದರೂ ಕೆಲವು ಗಂಟೆ ಬಿಡಲಿಲ್ಲ. ಇಂಥ ರಿಯಾಕ್ಷನ್ ಒಮ್ಮೆ ಇಳಿದು ಮತ್ತೆ ಏರಬಹುದು, ಅದಕ್ಕೇ ಕಾಯಿಸುತ್ತಾರೆ.

ಮನೆಗೆ ಬಂದು ಒಂದು ನೋಟ್‌ಬುಕ್ ತೆಗೆದೆ. ಆವತ್ತು ಬೆಳಿಗ್ಗೆಯಿಂದ ಬಾಯಿಗೆ ಹೋದದ್ದನ್ನೆಲ್ಲ ಬರೆದೆ. ಹಿಂದಿನ ತುರಿಕೆಗಳನ್ನೂ ನೆನಪಿದ್ದಷ್ಟು ಬರೆದೆ. ಏನು ತಿಂದೆ, ಯಾವ ಬಾಟಲಿ, ಎಷ್ಟು ಹೊತ್ತಿಗೆ ಶುರುವಾಯಿತು, ಆಮೇಲೆ ಮೈಗೆ ಶ್ರಮ ಆಗುವ ಕೆಲಸ ಮಾಡಿದ್ದೆನಾ, ನೋವಿನ ಮಾತ್ರೆ ನುಂಗಿದ್ದೆನಾ ಎಂದೆಲ್ಲ. ಈ ಕೊನೆಯ ಎರಡು ಮುಖ್ಯ. ಸುಮ್ನೆ ಕೂತಿದ್ದಾಗ ಬರೀ ತುರಿಕೆ ತರಿಸುವ ಆಹಾರ, ಓಟ, ನಡಿಗೆ, ಜ್ವರ, ಮದ್ಯ ಅಥವಾ ಕೆಲವು ನೋವಿನ ಮಾತ್ರೆಗಳ ಜೊತೆ ಸೇರಿದಾಗ ಜೋರು ರಿಯಾಕ್ಷನ್ ತರಬಹುದು. ನನಗೆ ಆ ಏರು ರಸ್ತೆ ಅದೇ ಕೆಲಸ ಮಾಡಿತ್ತು.

ಆಸ್ಪತ್ರೆಯಲ್ಲಿ ಯಾರೋ ನಿಂಬೆಯ ಮೇಲೆ ಅನುಮಾನಪಟ್ಟಿದ್ದರು. ಆದರೆ ನಿಂಬೆಹಣ್ಣಿನ ಚಿತ್ರಾನ್ನ, ಉಪ್ಪು ಹಾಕಿದ ಪಾನಕ ನಮ್ಮ ಮನೆಯಲ್ಲಿ ಮಾಮೂಲು, ಅದರಿಂದ ಏನೂ ಆಗಿರಲಿಲ್ಲ. ನೋಟ್‌ಬುಕ್ಕಿನಲ್ಲಿ ತುರಿಕೆಯ ದಿನಗಳಿಗೆಲ್ಲ ಸಮನಾಗಿ ಬಂದದ್ದು ಒಂದೇ, ಕೊಪ್ಪಳದ ಬಾಟಲಿ. ಬ್ರ್ಯಾಂಡ್ ಜೇನಿನ ದಿನಗಳು ಖಾಲಿ. ಖಚಿತ ಮಾಡಿಕೊಳ್ಳಲು ಇನ್ನೊಂದು ಹನಿ ನೆಕ್ಕಿ ನೋಡು ಎಂದವರಿದ್ದರು. ಅದನ್ನು ಮಾತ್ರ ಮಾಡಲಿಲ್ಲ. ಮನೆಯಲ್ಲಿ ಅಂಥ ಪ್ರಯೋಗ ಯಾರೂ ಮಾಡಬಾರದು. ಬಾಯಲ್ಲಿಟ್ಟು ಪರೀಕ್ಷಿಸಲೇಬೇಕು ಎಂದಾದರೆ ಅದನ್ನು ಆಸ್ಪತ್ರೆಯಲ್ಲಿ, ಇಂಜೆಕ್ಷನ್ ಪಕ್ಕದಲ್ಲಿಟ್ಟುಕೊಂಡೇ ಮಾಡುತ್ತಾರೆ.

ಅಲರ್ಜಿ ಡಾಕ್ಟರ ಬಳಿ ಹೋಗುವಾಗ ಗಂಧೆಗಳ ಫೋಟೊ ಫೋನಿನಲ್ಲಿತ್ತು. ಗಂಧೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಗುರುತೇ ಇಲ್ಲದೆ ಮಾಯವಾಗುತ್ತದೆ, ಮರುದಿನ ತೋರಿಸಲು ಏನೂ ಇರುವುದಿಲ್ಲ. ಫೋಟೊ ಇದ್ದರೆ ಹತ್ತು ಮಾತು ಉಳಿಯುತ್ತದೆ. ಅವರು ನೋಟ್‌ಬುಕ್ ಪೂರ್ತಿ ಓದಿದರು. ಮುಂದಿನ ಸಲ ಮನೆಯಲ್ಲಿರುವ ಜೇನಿನ ಬಾಟಲಿಗಳನ್ನೆಲ್ಲ ತನ್ನಿ ಎಂದರು. ಪರೀಕ್ಷೆಗೆ ಮೊದಲು ಸುಮಾರು ಒಂದು ವಾರ ಸೆಟ್ರಿಜಿನ್ ಥರದ ಅಲರ್ಜಿ ಮಾತ್ರೆ ಬಿಡಬೇಕಿತ್ತು. ಇಲ್ಲದಿದ್ದರೆ ಅಲರ್ಜಿ ಇದ್ದರೂ ಚರ್ಮ ತೋರಿಸುವುದಿಲ್ಲ.

ಪ್ರಿಕ್ ಟೆಸ್ಟ್ ಎಂದರೆ ಭಯಪಡುವಂಥದ್ದಲ್ಲ. ಮುಂಗೈಯ ಒಳಭಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿನ ಹತ್ತಿರ ಒಂದೊಂದು ದ್ರವದ ಹನಿ ಇಟ್ಟು, ಚರ್ಮವನ್ನು ಸಣ್ಣಗೆ ಚುಚ್ಚುತ್ತಾರೆ. ರಕ್ತ ಬರುವುದಿಲ್ಲ. ಹೋಲಿಸಿ ನೋಡಲು ಎರಡು ಹನಿ ಬೇರೆ ಇರುತ್ತವೆ. ಹಿಸ್ಟಮಿನ್ (ಅಲರ್ಜಿಯಾದಾಗ ಮೈಯಲ್ಲಿ ತುರಿಕೆ ತರುವ ರಾಸಾಯನಿಕ) ಇಟ್ಟಲ್ಲಿ ಗುಳ್ಳೆ ಏಳಲೇಬೇಕು, ಉಪ್ಪುನೀರು ಇಟ್ಟಲ್ಲಿ ಏಳಬಾರದು. 15-20 ನಿಮಿಷದ ನಂತರ ಅಳೆಯುತ್ತಾರೆ. ಉಪ್ಪುನೀರಿನ ಜಾಗಕ್ಕಿಂತ ಕನಿಷ್ಠ 3 ಮಿಲಿಮೀಟರ್ ದೊಡ್ಡ ಗುಳ್ಳೆ ಎದ್ದರೆ ಪಾಸಿಟಿವ್. ನನ್ನ ಬಾಟಲಿಗಳಲ್ಲಿದ್ದ ಜೇನನ್ನೇ ಇಟ್ಟು ಚುಚ್ಚಿದರು. ಕೊಪ್ಪಳದ ಜೇನಿಗೆ ದೊಡ್ಡ ಗುಳ್ಳೆ, ಸುತ್ತ ಕೆಂಪು. ಅಪ್ಪನ ತುಡುವೆ ಜೇನಿಗೆ ಸಣ್ಣದು. ಬ್ರ್ಯಾಂಡ್ ಜೇನಿಗೆ ಏನೂ ಇಲ್ಲ. ಪರಾಗಗಳ ಸಾಲಿನಲ್ಲಿ ಕಾಂಗ್ರೆಸ್ ಕಸ, ಸೂರ್ಯಕಾಂತಿ ಎರಡೂ ಎದ್ದು ನಿಂತವು. ಜೇನಿಗೆಂದೇ ಇರುವ ಐಜಿಇ (ಅಲರ್ಜಿ ತರಿಸುವ ಪ್ರತಿಕಾಯ) ರಕ್ತಪರೀಕ್ಷೆಯೂ ಪಾಸಿಟಿವ್ ಬಂತು.

ಇಲ್ಲಿ ಒಂದು ಮಾತು. ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಎಂದು ಅರ್ಥವಲ್ಲ. ತಿಂದಾಗ ಏನಾಯಿತು ಎಂಬ ಕಥೆ ಜೊತೆಗಿರಬೇಕು. ತಿಂದು ಆರಾಮಾಗಿರುವವರು ಪ್ಯಾಕೇಜ್ ಸಿಗುತ್ತದೆ ಎಂದು ನೂರು ಪದಾರ್ಥಗಳ ಟೆಸ್ಟ್ ಮಾಡಿಸಿ, ರಿಪೋರ್ಟ್ ನೋಡಿ ಅನ್ನ, ಬೇಳೆ ಬಿಡುವುದನ್ನು ನೋಡಿದ್ದೇನೆ. ಅದು ದುಡ್ಡು ದಂಡ, ಊಟಕ್ಕೂ ಸಂಚಕಾರ.

ಕಾರಣ ಡಾಕ್ಟರ್ ಹೀಗೆ ವಿವರಿಸಿದರು. ಜೇನು ಬರೀ ಸಕ್ಕರೆಯಲ್ಲ. ಅದರಲ್ಲಿ ಜೇನುನೊಣದ ಗ್ರಂಥಿಗಳಿಂದ ಬಂದ ಪ್ರೋಟೀನ್ ಇರುತ್ತದೆ, ಹೂವಿನ ಪರಾಗವೂ ಇರುತ್ತದೆ. ಕೆಲವರಿಗೆ ಮೊದಲನೆಯದು ಆಗುವುದಿಲ್ಲ, ಕೆಲವರಿಗೆ ಎರಡನೆಯದು. ನೊಣದ ಪ್ರೋಟೀನೇ ಕಾರಣವಾಗಿದ್ದರೆ ಊರಿನ ಜೇನಿಗೂ ಕೊಪ್ಪಳದ ಜೇನಿಗೂ ಇಷ್ಟು ಫರಕು ಕಾಣುವುದು ಕಷ್ಟ. ನನ್ನದು ಹೆಚ್ಚಾಗಿ ಪರಾಗದ ಅಲರ್ಜಿ. ಕಾಂಗ್ರೆಸ್ ಕಸ, ಸೂರ್ಯಕಾಂತಿ, ಸೇವಂತಿಗೆ, ಚೆಂಡು ಹೂವು ಎಲ್ಲ ಒಂದೇ ಕುಟುಂಬದ ಗಿಡಗಳು. ಗಾಳಿಯಲ್ಲಿ ಬಂದ ಪರಾಗಕ್ಕೆ ಮೂಗು ಮೊದಲು ಮುನಿಸಿಕೊಂಡಿತ್ತು. ಅದರ ನೆಂಟರೇ ಜೇನಿನಲ್ಲಿ ಬಂದಾಗ ಬಾಯಿ, ಮೈ ಎಲ್ಲ ಗುರುತು ಹಿಡಿದವು. ಆ ಸೀನಿನ ಅರ್ಥ ಆಗ ತಿಳಿಯಿತು.

ಹಾಗಾದರೆ ಬ್ರ್ಯಾಂಡ್ ಜೇನು ತಿನ್ನಬಹುದಲ್ವಾ ಎಂದು ಆಸೆಯಿಂದ ಕೇಳಿದೆ. ಬೇಡ ಎಂದರು. ದೊಡ್ಡ ಕಂಪನಿಗಳು ಬೇರೆ ಬೇರೆ ಕಡೆಯ ಜೇನು ಬೆರೆಸುತ್ತವೆ. ಇವತ್ತಿನ ಬಾಟಲಿಯಲ್ಲಿ ಪರಾಗ ಕಡಿಮೆ ಇದ್ದರೆ ಮುಂದಿನದರಲ್ಲಿ ಎಷ್ಟಿರುತ್ತದೋ. ಯಾವ ಹೂವಿನದು ಎಂದು ಎಲ್ಲ ಲೇಬಲ್‌ಗಳೂ ಹೇಳುವುದಿಲ್ಲ. ಅದು ಜೇನೇ ಹೌದಾ ಎಂಬುದೂ ಬೇರೆ ಪ್ರಶ್ನೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 13 ಬ್ರ್ಯಾಂಡ್‌ಗಳ ಜೇನು ಪರೀಕ್ಷೆ ಮಾಡಿಸಿದಾಗ ಎಲ್ಲ ಪರೀಕ್ಷೆ ದಾಟಿದ್ದು 3 ಮಾತ್ರ ಎಂದು ಹೇಳಿತ್ತು. ಕಂಪನಿಗಳು ಅದನ್ನು ಒಪ್ಪಲಿಲ್ಲ. ಸಕ್ಕರೆ ಪಾಕ ಬೆರೆಸಿದ ಜೇನೇ ನನಗೆ ಸುರಕ್ಷಿತವಾಗಿತ್ತೋ ಏನೋ ಎಂದು ಮನೆಯಲ್ಲಿ ಈಗಲೂ ತಮಾಷೆ ಮಾಡುತ್ತಾರೆ.

ಬಿಡಬೇಕು ಎಂದಾದ ಮೇಲೆ ದೋಸೆಗೆ ಕಷ್ಟವಾಗಲಿಲ್ಲ. ನಮ್ಮ ಕಡೆ ಜೋನಿ ಬೆಲ್ಲ ಇದೆ, ನೀರು ನೀರಾದ ಬೆಲ್ಲ. ನನ್ನ ಮಟ್ಟಿಗೆ ಅದು ಜೇನಿಗಿಂತ ರುಚಿ. ಕಷ್ಟ ಬಂದದ್ದು ದೇವರ ಮನೆಯಲ್ಲಿ. ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ, ಸಕ್ಕರೆಯ ಜೊತೆ ಜೇನು ಇದ್ದೇ ಇರುತ್ತದೆ. ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದ ಬೇಡ ಎನ್ನುವುದು ಹೇಗೆ? ಈಗ ಬೇರೆಯವರ ಮನೆಯಲ್ಲಿ ಕೈಯೊಡ್ಡುವ ಮೊದಲೇ ಹೇಳಿಬಿಡುತ್ತೇನೆ. ಹೂವು, ಹಣ್ಣು ಕೊಟ್ಟರೆ ಕಣ್ಣಿಗೊತ್ತಿಕೊಳ್ಳುತ್ತೇನೆ. ನಮ್ಮ ಮನೆಯ ಪೂಜೆಯಲ್ಲಿ ಜೇನು ಹಾಕುವ ಮೊದಲೇ ಒಂದು ಬಟ್ಟಲು ತೆಗೆದಿಡುತ್ತೇವೆ. ಪುರೋಹಿತರೇನೂ ಬೇಸರ ಮಾಡಿಕೊಳ್ಳಲಿಲ್ಲ. ಬೇಸರವಾದದ್ದು ದೂರದ ಕೆಲವು ನೆಂಟರಿಗೆ. ಪ್ರಸಾದದಿಂದ ಏನೂ ಆಗುವುದಿಲ್ಲ ಎಂಬ ಅವರ ನಂಬಿಕೆ ಅವರಿಗೆ, ಊದುವ ತುಟಿ ನನಗೆ.

ಆಯುರ್ವೇದದ ಔಷಧಿಯಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಚ್ಯವನಪ್ರಾಶದಲ್ಲಿ ಜೇನಿದೆ. ಎಷ್ಟೋ ಲೇಹ್ಯಗಳಲ್ಲಿದೆ. ಕೆಮ್ಮಿನ ಸಿರಪ್‌ಗಳಲ್ಲಿದೆ. ಚೂರ್ಣವನ್ನು ಜೇನಿನಲ್ಲಿ ಕಲಸಿ ತಿನ್ನಿ ಎನ್ನುವುದು ವಾಡಿಕೆ. ನನಗೆ ಔಷಧಿ ಕೊಡುವ ವೈದ್ಯರಿಗೆ ಹೇಳಿದೆ. ಬಿಸಿನೀರಿನಲ್ಲೋ ತುಪ್ಪದಲ್ಲೋ ತೆಗೆದುಕೊಳ್ಳಿ ಎಂದು ಸಲೀಸಾಗಿ ಬದಲಾಯಿಸಿಕೊಟ್ಟರು. ಕೇಳದಿದ್ದರೆ ಯಾರೂ ತಾವಾಗಿ ಬದಲಾಯಿಸುವುದಿಲ್ಲ.

ಪೊಟ್ಟಣದ ಹಿಂಬದಿ ಓದುವುದು ಈಗ ಅಭ್ಯಾಸ. ನಮ್ಮ ದೇಶದ ಲೇಬಲ್ ನಿಯಮದಲ್ಲಿ ಅಲರ್ಜಿಕಾರಕ ಎಂದು ಬೇರೆಯಾಗಿ ತೋರಿಸಬೇಕಾದವು ಗೋಧಿಯಂಥ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ, ಶೇಂಗಾ, ಬಾದಾಮಿಯಂಥ ಬೀಜಗಳು, ಸೋಯಾ, ಸಲ್ಫೈಟ್. ಜೇನು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ದಪ್ಪಕ್ಷರದ ಸಾಲು ನೋಡಿ ಸುಮ್ಮನಾಗುವಂತಿಲ್ಲ, ಸಣ್ಣಕ್ಷರದ ಪದಾರ್ಥಗಳನ್ನೆಲ್ಲ ಓದಬೇಕು. ಗ್ರಾನೋಲಾ, ಕಾರ್ನ್‌ಫ್ಲೇಕ್ಸ್, ಗ್ರೀನ್ ಟೀ, ಓಟ್ಸ್ ಬಿಸ್ಕತ್ತು ಎಲ್ಲದರಲ್ಲೂ ಸಿಕ್ಕಿದೆ. ಬೇಕರಿಯ ಹನಿ ಕೇಕಿಗೆ ಎಷ್ಟೋ ಕಡೆ ಸಕ್ಕರೆ ಪಾಕವನ್ನೇ ಜಾಸ್ತಿ ಸುರಿಯುತ್ತಾರೆ. ಆದರೆ ಯಾವ ಬೇಕರಿ ಪ್ರಾಮಾಣಿಕವಾಗಿ ಜೇನು ಹಾಕುತ್ತದೆ ಎಂದು ತಿಂದು ತಿಳಿಯುವ ಹಣೆಬರಹ ಬೇಡ ಎಂದು ಬಿಟ್ಟಿದ್ದೇನೆ. ಹೋಟೆಲಿನ ಹನಿ ಚಿಲ್ಲಿ ಪೊಟೆಟೊ ಹೆಸರಲ್ಲೇ ಹೇಳಿಬಿಡುತ್ತದೆ. ಸಲಾಡಿನ ಡ್ರೆಸ್ಸಿಂಗ್ ಹೇಳುವುದಿಲ್ಲ. ಲಿಪ್ ಬಾಮ್, ಫೇಸ್ ಪ್ಯಾಕ್ ಕೂಡ ನೋಡಿಯೇ ಕೊಳ್ಳುತ್ತೇನೆ. ರಾಯಲ್ ಜೆಲ್ಲಿ (ಜೇನುನೊಣ ಮರಿಗಳಿಗೆ ಉಣಿಸುವ ರಸ), ಪರಾಗದ ಕಾಳು ಎಂದು ಆರೋಗ್ಯಕ್ಕೆ ಮಾರುತ್ತಾರಲ್ಲ, ಅವು ಜೇನಿಗಿಂತ ಅಪಾಯ. ಅವುಗಳಿಂದ ಜೀವಕ್ಕೇ ಕುತ್ತು ಬರುವಂಥ ರಿಯಾಕ್ಷನ್ ಆದದ್ದುಂಟು. ಕ್ಯಾಮೊಮೈಲ್ ಟೀಯೂ ಅದೇ ಹೂವಿನ ಕುಟುಂಬ, ನನಗೆ ಬೇಡ.

ಪರ್ಸಿನಲ್ಲಿ ಒಂದು ಸಣ್ಣ ಡಬ್ಬಿ ಇರುತ್ತದೆ. ಹೊರದೇಶಗಳಲ್ಲಿ ಸಿಗುವ ಪೆನ್ನಿನಂಥ ಅಡ್ರಿನಲಿನ್ ಇಂಜೆಕ್ಷನ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದಕ್ಕೆ ಡಾಕ್ಟರ್ ಒಂದು ಮಿಲಿಗ್ರಾಂನ ಆಂಪೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ), ಸಿರಿಂಜ್, ಸೂಜಿ ಬರೆದುಕೊಟ್ಟು, ಆಂಪೂಲ್ ಒಡೆಯುವುದರಿಂದ ತೊಡೆಯ ಹೊರಭಾಗಕ್ಕೆ ಚುಚ್ಚುವವರೆಗೆ ನನಗೂ ಯಜಮಾನರಿಗೂ ಕಲಿಸಿದರು. ನನ್ನ ಡೋಸ್ ಚೀಟಿಯಲ್ಲಿ ಬರೆದು ಡಬ್ಬಿಗೇ ಅಂಟಿಸಿದೆ. ಡೋಸ್ ತೂಕದ ಮೇಲೆ ಹೋಗುತ್ತದೆ, ನಿಮ್ಮದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಬಿ.ಪಿ., ಹೃದಯದ ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ಮೊದಲೇ ತಿಳಿಸಬೇಕು, ಕೆಲವು ಮಾತ್ರೆಗಳು ಅಡ್ರಿನಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಡಬ್ಬಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡುವುದಿಲ್ಲ. ಔಷಧಿಯ ಬಣ್ಣ ಕಂದಾದರೆ ಅಥವಾ ಅವಧಿ ಮುಗಿದರೆ ಹೊಸದು ಕೊಳ್ಳುತ್ತೇನೆ.

ಬರೀ ಗಂಧೆ, ತುರಿಕೆಯಾದರೆ ಸೆಟ್ರಿಜಿನ್ ತೆಗೆದುಕೊಂಡು, ಒಬ್ಬಳೇ ಇರದೆ ಗಮನಿಸುವುದು. ಉಸಿರು ಕಟ್ಟಿದರೆ, ದನಿ ಬದಲಾದರೆ, ತಲೆ ಸುತ್ತಿದರೆ, ಗಂಧೆಯ ಜೊತೆ ಮೇಲಿಂದ ಮೇಲೆ ವಾಂತಿಯಾದರೆ ಕಾಯದೆ ಅಡ್ರಿನಲಿನ್, ಕೂಡಲೇ 108. ಸೆಟ್ರಿಜಿನ್ ಇಂಥ ಹೊತ್ತಲ್ಲಿ ಜೀವ ಉಳಿಸುವುದಿಲ್ಲ. ತಲೆ ಸುತ್ತಿದರೆ ಕಾಲು ಮೇಲೆ ಮಾಡಿ ಮಲಗಬೇಕು, ತಟ್ಟನೆ ಎದ್ದು ನಡೆಯಬಾರದು. ಉಸಿರಾಟವೇ ಕಷ್ಟವಾದರೆ ಕೂತಿರಬಹುದು.

ಜೇನು ಕಚ್ಚಿದರೂ ನಿಮಗೆ ಅಪಾಯವಾ ಎಂದು ಬಹಳ ಜನ ಕೇಳುತ್ತಾರೆ. ಅದು ಬೇರೆ ಅಲರ್ಜಿ. ಅಲ್ಲಿ ತೊಂದರೆ ಕೊಡುವುದು ಮುಳ್ಳಿನ ವಿಷದ ಪ್ರೋಟೀನ್. ಅಪ್ಪನ ಪೆಟ್ಟಿಗೆಯ ಹತ್ತಿರ ಎಷ್ಟೋ ಸಲ ಕಚ್ಚಿಸಿಕೊಂಡಿದ್ದೇನೆ, ಕಚ್ಚಿದ ಜಾಗ ಬಾತುಕೊಂಡದ್ದು ಬಿಟ್ಟರೆ ಏನೂ ಆಗಿಲ್ಲ. ಊರಿನ ಜೇನು ದಿನಾ ಸ್ವಲ್ಪ ಸ್ವಲ್ಪ ತಿಂದರೆ ಪರಾಗದ ಅಲರ್ಜಿ ವಾಸಿಯಾಗುತ್ತದೆ ಎಂಬ ಸಲಹೆಯೂ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ನನ್ನಂಥವರಿಗೆ ಅದು ಸೀದಾ ಆಸ್ಪತ್ರೆಯ ದಾರಿ.

ಮಕ್ಕಳು ಅಜ್ಜನ ಜೇನು ತಿನ್ನುತ್ತಾರೆ. ಅವರಿಗೆ ಏನೂ ಆಗಿಲ್ಲ, ಸುಮ್ನೆ ಟೆಸ್ಟ್ ಮಾಡಿಸುವುದು ಬೇಡ ಎಂದರು ಡಾಕ್ಟರ್. ಅವರ ಚಮಚ ಬೇರೆ, ಬಾಟಲಿ ಮೇಲಿನ ಶೆಲ್ಫಿನಲ್ಲಿ. ನಾದಿನಿಗೆ ಮಗು ಹುಟ್ಟಿದಾಗ ಅತ್ತೆಯವರು ನಾಲಿಗೆಗೆ ಜೇನು ಮುಟ್ಟಿಸಲು ಹೊರಟಿದ್ದರು. ಅಲ್ಲಿ ಅಡ್ಡ ಬಂದವಳು ನಾನೇ, ಆದರೆ ಕಾರಣ ಅಲರ್ಜಿಯಲ್ಲ. ಜೇನಿನಲ್ಲಿ ಬಾಟುಲಿಸಂ ಎಂಬ, ಸ್ನಾಯುಗಳ ಬಲ ಕುಂದಿಸುವ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು, ವರ್ಷ ತುಂಬದ ಮಗುವಿನ ಕರುಳು ಅದನ್ನು ತಡೆಯಲಾರದು. ಬಜೆ ತೇಯುವಾಗಲೂ ಜೇನು ಬೇಡ ಎಂದೆ. ಸೊಸೆಯ ಮಾತು ಅಷ್ಟಾಗಿ ನಡೆಯಲಿಲ್ಲ. ಮಕ್ಕಳ ಡಾಕ್ಟರ್ ಅದನ್ನೇ ಹೇಳಿದ ಮೇಲೆ ಅತ್ತೆಯವರು ಬಾಟಲಿ ಒಳಗಿಟ್ಟರು.