ಚಳಿಗಾಲಕ್ಕೆಂದು ಈಜುಕೊಳವನ್ನು ಬರಿದು ಮಾಡಬೇಡಿ

ತುಲಾ ಸಂಕ್ರಮಣ ಕಳೆದು ಹಿಂಗಾರಿನ ಮಳೆ ಇಳಿಮುಖವಾಗುತ್ತಿದ್ದಂತೆ, ಮನೆಯಲ್ಲಿ ಈಜುಕೊಳ ಕಟ್ಟಿಸಿಕೊಂಡಿರುವ ನೆಂಟರಿಷ್ಟರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ಹುತ್ತರಿ ಮುಗಿದ ಮೇಲೆ ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಕೊಳಕ್ಕೆ ಇಳಿಯುವವರೇ ಇರುವುದಿಲ್ಲವಾದ್ದರಿಂದ, ನೀರನ್ನೆಲ್ಲ ಹೊರಗೆ ಬಿಟ್ಟು ತೊಳೆದು ಒಣಗಿಸಿ ಇಡಬಹುದಲ್ಲವೇ ಎಂದು. ದಯವಿಟ್ಟು ಹಾಗೆ ಮಾಡಬೇಡಿ.

ಮುಂಗಾರಿನಲ್ಲಿ ಕುಡಿದ ನೀರನ್ನು ನಮ್ಮ ಕೊಡಗಿನ ಮಣ್ಣು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಕೊಳದ ತಳಕ್ಕಿಂತ ಒಂದು ಮೀಟರ್ ಎತ್ತರಕ್ಕೆ ಸುತ್ತಲಿನ ಅಂತರ್ಜಲ ನಿಂತಿದ್ದರೆ, ಅದು ತಳದ ಪ್ರತಿ ಚದರ ಮೀಟರನ್ನೂ ಸುಮಾರು ಒಂದು ಟನ್ ಭಾರದಷ್ಟು ಬಲದಿಂದ ಮೇಲಕ್ಕೆ ಒತ್ತುತ್ತಿರುತ್ತದೆ. ಕೊಳ ತುಂಬಿರುವಾಗ ಒಳಗಿನ ನೀರೇ ಆ ಒತ್ತಡವನ್ನು ತಡೆದು ನಿಲ್ಲಿಸುತ್ತದೆ. ಹಲವು ವರ್ಷಗಳ ಹಿಂದೆ, ಒಂದು ನವೆಂಬರ್‌ನಲ್ಲಿ, ನಾನೇ ಮುಂದೆ ನಿಂತು ನಮ್ಮ ಕೊಳವನ್ನು ಖಾಲಿ ಮಾಡಿಸಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ನೋಡುವಾಗ ಆಳದ ಬದಿಯಲ್ಲಿ ಎರಡು ಸಾಲು ಟೈಲ್ಸ್ ಉಬ್ಬಿ ಎದ್ದಿದ್ದವು, ಅವುಗಳ ಸಂದಿನಿಂದ ಕೆಮ್ಮಣ್ಣಿನ ನೀರು ಒಸರುತ್ತಿತ್ತು. ನೆಲ ಒಣಗುವ ಮಾರ್ಚ್‌ವರೆಗೂ ದುರಸ್ತಿಗೆ ಕೈ ಹಾಕಲಾಗಲಿಲ್ಲ. ತಳ ತೊಳೆಸಲೇಬೇಕೆಂದಿದ್ದರೆ ಬೇಸಿಗೆಯ ಆ ಒಣ ದಿನಗಳಿಗಾಗಿ ಕಾಯಿರಿ.

ಹಿಮ ಬೀಳುವ ದೇಶಗಳಲ್ಲಿ ನೀರಿನ ಮಟ್ಟ ಇಳಿಸಿ, ಪೈಪುಗಳೊಳಗಿನ ನೀರನ್ನು ಗಾಳಿ ಊದಿ ಹೊರಹಾಕುತ್ತಾರೆ. ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಪೈಪು ಸೀಳುತ್ತದೆ ಎಂಬುದೇ ಅದಕ್ಕೆ ಕಾರಣ. ಮಡಿಕೇರಿಯ ಚಳಿ ಎಷ್ಟೇ ಕೊರೆದರೂ ಕೊಳದ ನೀರು ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಆ ಖರ್ಚು ನಮಗೆ ಬೇಡ. ನೀರನ್ನು ಎಂದಿನ ಮಟ್ಟದಲ್ಲೇ ಇಟ್ಟು, ಅದು ಕೆಡದಂತೆ ನೋಡಿಕೊಂಡರೆ ಸಾಕು.

ಮೊದಲು ತಳದಲ್ಲಿ ಕುಳಿತ ಎಲೆ, ಕೆಸರುಗಳನ್ನು ತೆಗೆಸಿ, ಗೋಡೆಗಳನ್ನು, ಅದರಲ್ಲೂ ಮೆಟ್ಟಿಲಿನ ಮೂಲೆ ಮತ್ತು ಬಿಸಿಲು ತಾಗದ ಬದಿಯನ್ನು, ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿಸಬೇಕು. ಆಮೇಲೆ ನೀರಿನ ಪರೀಕ್ಷೆ. ಮಳೆನೀರಿನಲ್ಲಿ ಕ್ಷಾರದ ಅಂಶ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ, ನಾಲ್ಕು ತಿಂಗಳ ಮಳೆ ಬಿದ್ದು ತುಂಬಿ ಹರಿದ ಕೊಳದಲ್ಲಿ ಕ್ಷಾರತೆ ತೀರಾ ಇಳಿದಿರುತ್ತದೆ, ಅದು ಇಳಿದಾಗ ನೀರು ಆಮ್ಲೀಯವೋ ಕ್ಷಾರೀಯವೋ ಎಂದು ತೋರಿಸುವ ಪಿಎಚ್ ಕೂಡ ಒಂದೆಡೆ ನಿಲ್ಲುವುದಿಲ್ಲ. ಕ್ಷಾರತೆ 80ರಿಂದ 120 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), ಪಿಎಚ್ 7.2ರಿಂದ 7.6ರ ನಡುವೆ ಇರಬೇಕು. ನಮ್ಮ ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳ, ಎಂದರೆ 48,000 ಲೀಟರ್. ಇದರ ಕ್ಷಾರತೆಯನ್ನು 10 ಪಿಪಿಎಂ ಏರಿಸಲು ಸುಮಾರು 800 ಗ್ರಾಂ ಅಡುಗೆ ಸೋಡಾ ಬೇಕಾಗುತ್ತದೆ. ನಿಮ್ಮ ಕೊಳದ ಅಳತೆಗೆ ತಕ್ಕಂತೆ ಲೆಕ್ಕ ಹಾಕಿ, ಒಮ್ಮೆಲೇ ಸುರಿಯದೆ ಎರಡು ಮೂರು ದಿನಗಳಲ್ಲಿ ಹಂಚಿ ಹಾಕಿ.

ಕ್ಲೋರಿನ್ 1ರಿಂದ 3 ಪಿಪಿಎಂ ಇದ್ದರೆ ಸಾಕು. ತಣ್ಣನೆಯ ನೀರಿನಲ್ಲಿ ಪಾಚಿ ನಿಧಾನವಾಗಿ ಬೆಳೆಯುವುದರಿಂದ ಬೇಸಿಗೆಯಷ್ಟು ಔಷಧಿ ಹಿಡಿಯುವುದಿಲ್ಲ. ಬ್ಲೀಚಿಂಗ್ ಪೌಡರ್ ಬಳಸುವವರು ಅದನ್ನು ಬಕೆಟ್ಟಿನ ನೀರಿಗೆ ಹಾಕಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಕೊಳಕ್ಕೆ ಸುರಿಯಬೇಕು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು: ಬ್ಲೀಚಿಂಗ್ ಪೌಡರನ್ನೂ ಕ್ಲೋರಿನ್ ಮಾತ್ರೆಗಳನ್ನೂ ಒಂದೇ ಬಕೆಟ್ಟಿನಲ್ಲಿ, ಒಂದೇ ಚಮಚದಲ್ಲಿ ಕೂಡ ಬೆರೆಸಬೇಡಿ, ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಆಸಿಡ್ ಸೇರಿದರೆ ವಿಷಾನಿಲ ಏಳುತ್ತದೆ. ಗೊಬ್ಬರದ ಚೀಲಗಳ ಪಕ್ಕದಲ್ಲೂ ಇವನ್ನು ಇಡಬಾರದು.

ಮೋಟಾರನ್ನು ಪೂರ್ತಿ ನಿಲ್ಲಿಸಬೇಡಿ. ದಿನಕ್ಕೆ ಎರಡು ಮೂರು ಗಂಟೆ ಓಡಿದರೆ ಸಾಕು. ಮರಳಿನ ಫಿಲ್ಟರಿನ ಒತ್ತಡದ ಗೇಜ್, ಫಿಲ್ಟರ್ ಶುದ್ಧವಾಗಿದ್ದಾಗ ತೋರಿಸುತ್ತಿದ್ದುದಕ್ಕಿಂತ 8ರಿಂದ 10 ಪಿಎಸ್‌ಐ (ಒತ್ತಡದ ಅಳತೆ) ಏರಿದಾಗ ಬ್ಯಾಕ್‌ವಾಶ್ ಮಾಡಿ, ಎಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯಿರಿ. ಆ ನೀರನ್ನು ಮೀನಿರುವ ತೋಡಿಗೋ ಕೆರೆಗೋ ಬಿಡಬೇಡಿ.

ಇನ್ನು ಹೊದಿಕೆ. ಸಿಲ್ವರ್ ಓಕಿನ ಎಲೆ ಹಗುರವಾಗಿದ್ದು ದೂರದಿಂದಲೂ ಹಾರಿ ಬರುತ್ತದೆ, ನೆನೆದು ತಳಕ್ಕಿಳಿದು ಕೊಳೆತರೆ ಟೈಲ್ಸ್ ಮೇಲೆ ಕಂದು ಕಲೆ ಬಿಡುತ್ತದೆ. ಆದ್ದರಿಂದ ಹೊದಿಕೆಯ ಮೇಲೊಂದು ಬಲೆಯನ್ನೂ ಕಟ್ಟುವುದು ಒಳ್ಳೆಯದು. ಟಾರ್ಪಾಲನ್ನು ಸಡಿಲವಾಗಿ ಹಾಸಿದರೆ ನಡುವೆ ನೀರು ನಿಂತು ಸೊಳ್ಳೆಗೆ ತೊಟ್ಟಿಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಗುವೋ ನಾಯಿಯೋ ಅದರ ಮೇಲೆ ಕಾಲಿಟ್ಟರೆ ಬಟ್ಟೆಯೊಡನೆ ಒಳಗೆ ಸುತ್ತಿಕೊಂಡು ಮುಳುಗಿಬಿಡುತ್ತದೆ. ಬಿಗಿಯಾಗಿ ಎಳೆದು ನಾಲ್ಕೂ ಬದಿಗೆ ಕೊಕ್ಕೆ ಹಾಕಿಸಿ, ಬೇಲಿಯ ಗೇಟಿಗೆ ಬೀಗ ಹಾಕಿ. ಕುಯ್ಲಿನ ಕಾಲದಲ್ಲಿ ಕೆಲಸದವರ ಮಕ್ಕಳು ಕಣದ ಸುತ್ತ ಆಡುತ್ತಿರುತ್ತಾರೆ, ಅವರೂ ನಮ್ಮ ಜವಾಬ್ದಾರಿಯೇ. ಕೊಳದ ಟಾರ್ಪಾಲನ್ನು ಮಾತ್ರ ಕಣಕ್ಕೆ ಒಯ್ಯಬೇಡಿ, ಕಾಫಿಬೀಜಕ್ಕೆ ಹೊರಗಿನ ವಾಸನೆ ಬೇಗ ಹಿಡಿಯುತ್ತದೆ.

ವಾರಕ್ಕೊಮ್ಮೆ ಮಂಜು ಕರಗಿದ ಮೇಲೆ ಹೊದಿಕೆಯ ಒಂದು ತುದಿ ಎತ್ತಿ ನೀರನ್ನು ಪರೀಕ್ಷಿಸಿ, ತೇಲುವ ಕಸವನ್ನು ಸೆಳೆದುಕೊಳ್ಳುವ ಸ್ಕಿಮ್ಮರಿನ ಬುಟ್ಟಿಯನ್ನು ಖಾಲಿ ಮಾಡಿ. ಅಂಚಿನಿಂದ ನೀರಿಗೆ ಇಳಿಯುವಂತೆ ಒಂದು ಒರಟು ಹಲಗೆಯನ್ನು ಓರೆಯಾಗಿ ಇಟ್ಟಿರಿ. ಹೊದಿಕೆಯ ಸಂದಿನಿಂದ ಜಾರಿ ಬಿದ್ದ ಕಪ್ಪೆ, ಅಳಿಲುಗಳು ಅದನ್ನು ಹಿಡಿದು ತಾವಾಗಿಯೇ ಹತ್ತಿ ಹೋಗುತ್ತವೆ.